ಕಪ್ಪು ಪುಡಿಯೂ ಕಡಲೆಹಿಟ್ಟಿನ ಬಟ್ಟಲೂ

ಮೊಳಕಾಲ್ಮುರಿನಲ್ಲಿ ನನ್ನ ಅಕ್ಕನ ಮನೆಯ ಹೊಸ್ತಿಲಿಗೆ ಹೊಂದಿಕೊಂಡು ಒಂದು ಹಿತ್ತಾಳೆಯ ಬಟ್ಟಲು ಇರುತ್ತದೆ. ಬಟ್ಟಲಿನಲ್ಲಿ ಕಡಲೆಹಿಟ್ಟು, ಪಕ್ಕದಲ್ಲಿ ಒಂದು ತಂಬಿಗೆ ನೀರು. ಮೊದಲ ಸಲ ಬಂದವರು ಒಳಗೆ ಬಜ್ಜಿಯ ತಯಾರಿ ನಡೆದಿದೆ ಎಂದು ಆಸೆಪಡುವುದುಂಟು. ಆದರೆ ಆ ಹಿಟ್ಟು ಎಣ್ಣೆಗೆ ಬೀಳಲು ಕಾದಿರುವ ಹಿಟ್ಟಲ್ಲ, ಎಣ್ಣೆಯನ್ನು ಎಬ್ಬಿಸಲು ಕಾದಿರುವ ಹಿಟ್ಟು. ಬಂದವರು ಯಾರೇ ಆಗಲಿ, ಒಂದಿಷ್ಟು ಹಿಟ್ಟನ್ನು ಅಂಗೈಯಲ್ಲಿ ಕಲಸಿಕೊಂಡು, ಬೆರಳ ಸಂದುಗಳನ್ನೆಲ್ಲ ಉಜ್ಜಿ ತೊಳೆದ ಮೇಲೆಯೇ ಒಳಗೆ ಕಾಲಿಡಬೇಕು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾಳೆ. ತೊಳೆದ ಕೈಯನ್ನು ತಿರುಗಿಸಿ ತೋರಿಸಬೇಕು. ಒಡಹುಟ್ಟಿದ ತಮ್ಮನೆಂಬ ರಿಯಾಯಿತಿ ಇಲ್ಲ. ಬದಲಿಗೆ, ಚಳ್ಳಕೆರೆಯವನೆಂಬ ಕಾರಣಕ್ಕೆ ನನಗೆ ಎರಡನೇ ಸುತ್ತು ಉಂಟು.

ಈ ಅನುಮಾನಕ್ಕೆ ಆಧಾರವಿದೆ ಎಂಬುದನ್ನು ನಾನೇ ಒಪ್ಪಬೇಕು. ಚಳ್ಳಕೆರೆ ಎಣ್ಣೆಯ ಊರು. ಶೇಂಗಾ ಸುಗ್ಗಿಯಲ್ಲಿ ಮಿಲ್ಲುಗಳು ಶುರುವಾದವೆಂದರೆ ಗಾಳಿಗೇ ಒಂದು ಜಿಡ್ಡು ಬರುತ್ತದೆ. ಕನ್ನಡಕ ಒರೆಸಿದಷ್ಟೂ ಜಗತ್ತು ಮಸುಕಾಗುತ್ತದೆ. ಅಂಥ ಊರಿನಲ್ಲಿ ನನ್ನದು ಬೇರಿಂಗು, ಬೆಲ್ಟು, ಗ್ರೀಸು ಮಾರುವ ಅಂಗಡಿ. ಅಂದರೆ ಜಿಡ್ಡಿನ ಊರಿನಲ್ಲಿ ಜಿಡ್ಡನ್ನೇ ಮಾರಿ ಬದುಕುವವನು ನಾನು. ಅಕ್ಕನ ಮನೆಯಲ್ಲಾದರೋ ರೇಷ್ಮೆ ಮಗ್ಗ. ರೇಷ್ಮೆಯ ಮೇಲೆ ಎಣ್ಣೆಯ ಬೆರಳು ತಾಗಿದರೆ ಮುಗಿಯಿತು, ಆ ಸೀರೆ ಮುಂದೆ ಎಷ್ಟು ಮಡಿಕೆಯೊಳಗೆ ಅಡಗಿದರೂ ಬೆರಳು ಮಾತ್ರ ಎದ್ದು ಕಾಣುತ್ತದೆ. ಒಂದೇ ಬಸ್ಸಿನ ದಾರಿಯ ಎರಡು ಊರುಗಳು, ಒಂದು ತಯಾರಿಸುವುದು ಇನ್ನೊಂದು ತಯಾರಿಸುವುದನ್ನು ಮುಟ್ಟಲೇಬಾರದು! ನಮ್ಮ ತಂದೆ ಮಗ್ಗ ಬಿಟ್ಟು ಚಳ್ಳಕೆರೆಯ ಮಿಲ್ಲೊಂದಕ್ಕೆ ಫಿಟ್ಟರ್ ಆಗಿ ಸೇರಿದ್ದರಿಂದ ನಾನು ಎಣ್ಣೆಯ ಪಾಲಾದೆ. ಅಕ್ಕ ಮದುವೆಯಾಗಿ ಮತ್ತೆ ರೇಷ್ಮೆಗೆ ಮರಳಿದಳು. ನಮ್ಮ ಮನೆಗಳಲ್ಲಿ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಸಿಟ್ಟು ಬಂದಾಗ ಮಾತ್ರ ಪೂರ್ತಿ ತೆಲುಗು.

ಇನ್ನು ನನ್ನ ಸ್ವಭಾವ. ನನಗೆ ಬೇರೆ ಹವ್ಯಾಸಗಳಿಲ್ಲ, ಚಿಂತಿಸುವುದೊಂದೇ. ಬಸ್ಸು ಸರಿಯಾದ ಸಮಯಕ್ಕೆ ಬಂದರೆ, ಇಷ್ಟು ಸರಿಯಾಗಿ ಬರಲು ಕಾರಣವೇನು ಎಂದು ಯೋಚಿಸುತ್ತೇನೆ. ಬೇರಿಂಗಿನ ವ್ಯಾಪಾರ ಇಂಥವನಿಗೆ ಹೇಳಿ ಮಾಡಿಸಿದ್ದು; ಎಲ್ಲೋ ಏನೋ ಸವೆಯುತ್ತಿದೆ ಎಂಬ ನಂಬಿಕೆಯ ಮೇಲೆಯೇ ಅಲ್ಲವೇ ಆ ವ್ಯಾಪಾರ ನಿಂತಿರುವುದು?

ಮೊಬೈಲು ಎಲ್ಲರ ಜೇಬಿಗೂ ಬಂದಿದ್ದು, ಅದರಲ್ಲಿನ್ನೂ ಒತ್ತುವ ಗುಂಡಿಗಳಿದ್ದ ಕಾಲ. ಗ್ರೀಸ್ ಕಂಪನಿಯೊಂದರ ಪ್ರತಿನಿಧಿ ಒಂದು ಬಿಸಿಲು ಮಧ್ಯಾಹ್ನ ಅಂಗಡಿಗೆ ಬಂದರು. ಚಳ್ಳಕೆರೆಯ ಬಿಸಿಲಿನಲ್ಲೂ ಟೈ ಕಟ್ಟಿದ್ದ ಆ ಮನುಷ್ಯನ ಬಗ್ಗೆ ಮರುಕಪಟ್ಟು ಮಜ್ಜಿಗೆ ತರಿಸಿದೆ. ಮಜ್ಜಿಗೆಯ ಋಣಕ್ಕೋ ಏನೋ, ಅವರು ಚೀಲದಿಂದ ಕುಂಕುಮದ ಭರಣಿಯಷ್ಟು ದೊಡ್ಡ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

“ಮಾಲಿಬ್ಡಿನಮ್ ಡೈಸಲ್ಫೈಡ್ ಸರ್. ನ್ಯಾನೋ ಪುಡಿ. ಸ್ಯಾಂಪಲ್ಲು, ಇಟ್ಕೊಳ್ಳಿ.”

ಮುಚ್ಚಳ ತೆಗೆದರೆ ಒಳಗೆ ಕಪ್ಪು. ಬರೀ ಕಪ್ಪಲ್ಲ, ಮಳೆಯ ಮುಂಚಿನ ಮೋಡಕ್ಕಿರುವಂಥ ಬೂದು ಮಿಂಚೊಂದು ಒಳಗೊಳಗೇ ಇದ್ದ ಕಪ್ಪು. ಬೆರಳಿಗೆ ಹಚ್ಚಿ ಉಜ್ಜಿದೆ. ಉಜ್ಜಿದ ಅನುಭವವೇ ಆಗಲಿಲ್ಲ. ಎರಡು ಬೆರಳುಗಳ ನಡುವೆ ಯಾರೋ ಮೂರನೆಯವರು ಬಂದು ಇಬ್ಬರನ್ನೂ ಸಮಾಧಾನಪಡಿಸಿದಂತಿತ್ತು. ಆಗ ಅಂಗಡಿಯಲ್ಲಿದ್ದ ಮಿಲ್ ಫಿಟ್ಟರ್ ಬಾಷಾ, ನನ್ನ ಹಳೆಯ ಗಿರಾಕಿ, ಬಗ್ಗಿ ನೋಡಿದ.

“ಅರೆ ಭಾಯ್, ಏನಿದು, ಸುರ್ಮಾ ಮಾರಕ್ಕೆ ಶುರು ಮಾಡಿದ್ಯಾ? ಕಣ್ಣಿಗೆ ಹಚ್ಕಂಡ್ರೆ ತಿರುಗೋ ಕಣ್ಣು ಸದ್ದಿಲ್ದಂಗೆ ತಿರುಗ್ತೈತೇನು?”

ಪ್ರತಿನಿಧಿ ನಗಲಿಲ್ಲ. ಬಿಸಿಯಲ್ಲಿ ಗ್ರೀಸು ಸುಟ್ಟು ಹೋಗುವ ಕಡೆ ಇದು ನಿಲ್ಲುತ್ತದೆ, ಭಾರ ಬಿದ್ದಷ್ಟೂ ಹಿಂಡಿಹೋಗದೆ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಕರಗುವುದಿಲ್ಲ, ಗಾಳಿಯೇ ಇಲ್ಲದ ಆಕಾಶದಲ್ಲಿ ಸುತ್ತುವ ಯಂತ್ರಗಳ ಕೀಲುಗಳಿಗೂ ಇದನ್ನೇ ಸವರುತ್ತಾರೆ ಎಂದು ಗಂಭೀರವಾಗಿ ಹೇಳಿ, ಮಜ್ಜಿಗೆ ಮುಗಿಸಿ, ಬಳ್ಳಾರಿಯ ಬಸ್ಸು ಹಿಡಿದರು. ಡಬ್ಬಿ ಮತ್ತು ನಾನು ಉಳಿದೆವು.

ಬಿ.ಎಸ್ಸಿ.ಯನ್ನು ಅರ್ಧಕ್ಕೆ ಬಿಟ್ಟವರಿಗೆ ಒಂದು ಶಾಪವಿದೆ ನೋಡಿ: ಅವರಿಗೆ ಪ್ರಶ್ನೆಗಳು ಪೂರ್ತಿ ಹುಟ್ಟುತ್ತವೆ, ಉತ್ತರಗಳು ಅರ್ಧವೇ ಸಿಗುತ್ತವೆ. ಉಳಿದರ್ಧವನ್ನು ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಹುಡುಕಿಕೊಂಡೆ. ಇದು ನೆಲದಿಂದಲೇ ಸಿಗುವ ಖನಿಜವಂತೆ. ಹಿಂದಿನವರು ನೋಡಲು ಒಂದೇ ಥರ ಇದೆಯೆಂದು ಇದನ್ನೂ ಸೀಸವನ್ನೂ ಪೆನ್ಸಿಲ್ ಕಡ್ಡಿಯ ಕಪ್ಪನ್ನೂ ಒಂದೇ ಎಂದುಕೊಂಡಿದ್ದರಂತೆ. ಆದರೆ ಪೆನ್ಸಿಲ್ಲಿನ ಕಪ್ಪಿಗೆ ಜಾರಬೇಕೆಂದರೆ ಗಾಳಿಯಲ್ಲಿ ಒಂದಿಷ್ಟು ತೇವ ಬೇಕು. ಇದಕ್ಕೆ ತೇವ ಆಗದು, ಒಣಗಿದ್ದಷ್ಟೂ ಒಳ್ಳೆಯದು. ಆ ಲೆಕ್ಕದಲ್ಲಿ ಇದು ನಮ್ಮ ತಾಲ್ಲೂಕಿಗೇ ಹೊಂದುವ ವಸ್ತು. ಪೆಟ್ರೋಲಿನಲ್ಲಿರುವ ಗಂಧಕವನ್ನು ಕಳೆಯುವ ಕೆಲಸಕ್ಕೂ ಇದನ್ನು ಹಚ್ಚುತ್ತಾರಂತೆ. ತನ್ನ ಮೈತುಂಬ ಗಂಧಕ ಹೊತ್ತುಕೊಂಡೇ ಇನ್ನೊಬ್ಬರ ಗಂಧಕ ತೆಗೆಯುವ ಈ ಗುಣ ಮನುಷ್ಯರಲ್ಲೂ ಉಂಟು, ನಾನು ಅದಕ್ಕೆ ಉದಾಹರಣೆ.

ಅದೇಕೆ ಜಾರುತ್ತದೆ ಎನ್ನುವುದು ನನಗೆ ಅರ್ಥವಾದದ್ದು ಪುಸ್ತಕದ ಚಿತ್ರದಿಂದಲ್ಲ, ಸೀರೆ ಅಂಗಡಿಯ ನೆನಪಿನಿಂದ. ಹತ್ತಿಯ ಸೀರೆಗಳನ್ನು ಎದೆಮಟ್ಟ ಪೇರಿಸಿಡಿ, ನಿಂತಿರುತ್ತವೆ. ರೇಷ್ಮೆ ಸೀರೆಗಳನ್ನು ಪೇರಿಸಿ ನೋಡಿ. ಗಿರಾಕಿ ಮಧ್ಯದ್ದೊಂದನ್ನು ಎಳೆದರೆ ಇಡೀ ಪೇರು ಗಾದಿಯ ಮೇಲೆ ಜಾರಿ ಚೆಲ್ಲಿಬಿಡುತ್ತದೆ. ಒಂದೊಂದು ಸೀರೆಯೂ ತನ್ನಷ್ಟಕ್ಕೆ ಗಟ್ಟಿ, ಹರಿಯೆಂದರೂ ಹರಿಯದು. ಆದರೆ ಸೀರೆಗೂ ಸೀರೆಗೂ ನಡುವೆ ಹಿಡಿತವಿಲ್ಲ. ಈ ಪುಡಿಯ ಕಣವೆಂದರೆ ಅಂಥದೇ ಒಂದು ಪೇರು. ಒಂದೊಂದು ಪದರದಲ್ಲೂ ನಡುವೆ ಮಾಲಿಬ್ಡಿನಮ್ಮಿನ ಒಡಲು, ಆಚೆಗೊಂದು ಈಚೆಗೊಂದು ಗಂಧಕದ ಅಂಚು. ಒಡಲೂ ಅಂಚೂ ಬಿಗಿಯಾಗಿ ನೇಯ್ದುಕೊಂಡಿರುತ್ತವೆ. ಆದರೆ ಒಂದು ಪದರದ ಅಂಚಿಗೂ ಮುಂದಿನ ಪದರದ ಅಂಚಿಗೂ ಬರೀ ನೆರೆಹೊರೆಯ ಪರಿಚಯ. ಎರಡು ಕಬ್ಬಿಣಗಳ ನಡುವೆ ಇದನ್ನಿಟ್ಟರೆ ಕಬ್ಬಿಣ ಕಬ್ಬಿಣವನ್ನು ಉಜ್ಜುವುದಿಲ್ಲ, ಪದರ ಪದರದ ಮೇಲೆ ಜಾರುತ್ತದೆ. ಇನ್ನು ನ್ಯಾನೋ ಎಂದರೆ ಎಷ್ಟು ಸಣ್ಣ? ಒಂದು ರೇಷ್ಮೆ ಎಳೆಯ ದಪ್ಪವನ್ನು ನೂರು ಪಾಲು ಮಾಡಿ ಒಂದು ಪಾಲು ಎತ್ತಿಕೊಳ್ಳಿ, ಸುಮಾರಾಗಿ ಅಷ್ಟು. ನಯವೆಂದು ನಾವು ನಂಬಿರುವ ಕಬ್ಬಿಣದ ಮೈಯಲ್ಲೂ ಹಳ್ಳದಿಣ್ಣೆಗಳಿರುತ್ತವೆ. ಇಷ್ಟು ನುಣ್ಣನೆಯ ಪುಡಿ ಆ ಹಳ್ಳಗಳಿಗೂ ಇಳಿದು ಕೂರುತ್ತದೆ. ನುಣ್ಣಗಾದಷ್ಟೂ ಅದಕ್ಕೊಂದು ಚಾಳಿ: ಕಣಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಗಟ್ಟುತ್ತವೆ, ಬಿಡಿಸಿಡುವುದೇ ದೊಡ್ಡ ಕೆಲಸ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಚಿಂತೆಯದೂ ಇದೇ ಕತೆ. ದೊಡ್ಡ ಕಷ್ಟವೊಂದನ್ನು ಹಾಗೇ ಬಿಟ್ಟರೆ ಒಂದು ಕಡೆ ಕಲ್ಲಿನಂತೆ ಬಿದ್ದಿರುತ್ತದೆ. ಅರೆದು ಅರೆದು ನುಣ್ಣಗೆ ಮಾಡಿದವನ ಮೈಗೆಲ್ಲ ಅಂಟುತ್ತದೆ.

ಆ ದಿನಗಳಲ್ಲಿ ನನ್ನ ಮೈಗೆ ಅಂಟಿದ್ದದ್ದು ಬಾವನ ಮೊಳಕಾಲು. ಊರಿನ ಹೆಸರಿನಲ್ಲೇ ಮೊಳಕಾಲು ಇರುವುದನ್ನು ಹಿಡಿದು ತಮಾಷೆ ಮಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ, ಏಕೆಂದರೆ ಬಾವ ಅದನ್ನು ಮೊದಲೇ ಮಾಡಿ ಮುಗಿಸಿದ್ದರು. ಬಲಗಾಲಿನ ಕೀಲಿನೊಳಗಿನ ಮೆತ್ತೆ ಸವೆದು ಮೂಳೆಗೆ ಮೂಳೆ ತಾಗುತ್ತಿದೆ, ಇನ್ನು ಮಗ್ಗ ತುಳಿಯಬಾರದು ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದರು. ಗುಂಡಿಮಗ್ಗ ನೋಡದವರಿಗೆ ಒಂದು ಮಾತು: ನೇಯುವವರು ನೆಲದ ಮಟ್ಟದ ಹಲಗೆಯ ಮೇಲೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾರೆ. ಮೇಲೆ ಕೈ ನೂಲಿನ ಲಾಳಿ ಓಡಿಸುತ್ತದೆ, ಎಳೆಯನ್ನು ಬಿಗಿಸುವ ಬಾಚಣಿಗೆಯಂಥ ಹಣಿಗೆ ಬಡಿಯುತ್ತದೆ; ಕಾಲು ಕೆಳಗೆ ತುಳಿಹಲಗೆಗಳನ್ನು ಒತ್ತುತ್ತದೆ. ವಿನ್ಯಾಸಕ್ಕೆ ಬೇಕಾದ ಎಳೆಗಳನ್ನು ಎತ್ತಿಳಿಸಲು ತಲೆಯ ಮೇಲಿರುವ ಜಕಾರ್ಡು ಯಂತ್ರದ ಭಾರವನ್ನೆಲ್ಲ ಎತ್ತುವುದು ಬಲಗಾಲು. ಆಗ ಮಗ್ಗದ ಮೇಲೆ ನಿಂಬೆಹಣ್ಣಿನ ಬಣ್ಣದ ಸೀರೆಯೊಂದು ಅರ್ಧವಾಗಿತ್ತು.

“ಈ ಸೀರೆ ಮಗ್ಗದಿಂದ ಇಳೀಲಿ, ಆಮ್ಯಾಲೆ ಕಾಲಿನ ವಿಚಾರ,” ಎಂದುಬಿಟ್ಟಿದ್ದರು ಬಾವ.

ಬೇರೆಯವರಿಂದ ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಸೀರೆಯನ್ನು ಶುರು ಮಾಡಿದ ಕೈಯೇ ಮುಗಿಸಬೇಕು ಎನ್ನುವುದು ಆ ಮನೆಯಲ್ಲಿ ತಲೆಮಾರುಗಳಿಂದ ಬಂದ ಕಟ್ಟು. ಅದು ಮೂಢನಂಬಿಕೆಯಲ್ಲ, ಹಣಿಗೆ ಬಡಿಯುವ ಪೆಟ್ಟು ಒಬ್ಬೊಬ್ಬರದು ಒಂದೊಂದು ತೂಕ. ನಡುವೆ ಕೈ ಬದಲಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆ ಜಾಗದಲ್ಲಿ ಒಂದು ಗೆರೆ ಕಾಣುತ್ತದೆ, ಈಚೆ ಒಬ್ಬ, ಆಚೆ ಇನ್ನೊಬ್ಬ. ತಮ್ಮ ಕೈಯ ಸೀರೆಯಲ್ಲಿ ಅಂಥ ಗೆರೆ ಬಿದ್ದು, ಅದರ ಮೇಲೆಯೇ ತಮ್ಮ ನೇಯ್ಗೆ ಕೊನೆಯಾಗುವುದು ಬಾವನಿಗೆ ಬೇಕಿರಲಿಲ್ಲ. ಅಕ್ಕನಿಗೆ ಬೇಕಿದ್ದದ್ದು ಒಂದೇ, ಕಾಲು. “ನೀನಾದ್ರೂ ಹೇಳಪ್ಪ, ನಿನ್ನ ಮಾತು ಕೇಳ್ತಾರೆ,” ಎಂದು ಫೋನಿನಲ್ಲಿ ಅತ್ತಳು. ನನ್ನ ಮಾತನ್ನು ಇಡೀ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತಿಲ್ಲದ ವಿಷಯವಲ್ಲ. ಅವಳು ಅಷ್ಟು ಹತಾಶಳಾಗಿದ್ದಳು ಎಂದು ಅದರಿಂದಲೇ ತಿಳಿಯಿತು.

ಸುತ್ತಿಗೆ ಮಾರುವವನಿಗೆ ಎಲ್ಲೆಲ್ಲೂ ಮೊಳೆ ಕಾಣುವುದು ಸಹಜವಾದರೆ, ಗ್ರೀಸು ಮಾರುವವನಿಗೆ ಎಲ್ಲ ಸಂಕಟವೂ ಕಿರುಗುಡುವ ಕೀಲಿನಂತೆ ಕಾಣುತ್ತದೆ. ಬಾವನ ತುಳಿಹಲಗೆಗಳು ತಿರುಗುವ ಕಬ್ಬಿಣದ ಸರಳು ತುಕ್ಕು ಹಿಡಿದು ವರ್ಷಗಳಿಂದ ಕಿರುಗುಡುತ್ತಿತ್ತು. ಎಣ್ಣೆ ಹಾಕುವ ಮಾತನ್ನು ಆ ಮನೆಯಲ್ಲಿ ಎತ್ತುವಂತಿಲ್ಲ. ಹಾಗಾದರೆ ಎಣ್ಣೆಯೇ ಅಲ್ಲದ, ಒಣಗಿದ್ದೂ ಜಾರುವ ಈ ಪುಡಿ? ತುಳಿತದ ಭಾರದಲ್ಲಿ ಹೆಚ್ಚಿನ ಪಾಲು ಜಕಾರ್ಡಿನದು, ಸರಳಿನ ಘರ್ಷಣೆಯದು ಅಲ್ಪ ಎಂದು ನನಗೆ ಗೊತ್ತಿತ್ತು. ಆದರೂ ಅಲ್ಪವನ್ನಾದರೂ ಕಳೆದೇನು ಎಂದುಕೊಂಡೆ.

ಮೊದಲು ಕಲೆಯ ಚಿಂತೆ. ನನ್ನ ಹೊಸ ಬಿಳಿ ಪಂಚೆಯ ತುದಿಗೆ ಒಂದು ಚಿಟಿಕೆ ಪುಡಿ ಉಜ್ಜಿ, ಸೋಪಿನಲ್ಲಿ ತೊಳೆದೆ, ಸೀಗೆಯಲ್ಲಿ ತೊಳೆದೆ, ಕಡಲೆಹಿಟ್ಟಿನಲ್ಲಿ ತೊಳೆದೆ, ಸೀಮೆಎಣ್ಣೆಯಲ್ಲೂ ಅದ್ದಿದೆ. ಕಪ್ಪು ಹೋಯಿತು, ಬೂದು ಉಳಿಯಿತು. ಎಳೆಗಿಂತ ಸಣ್ಣದಾದದ್ದು ಎಳೆಗಳ ನಡುವೆ ಮನೆ ಮಾಡಿದರೆ ಎಬ್ಬಿಸುವವರು ಯಾರು? ಹೆಂಡತಿ ಬಚ್ಚಲ ಬಾಗಿಲಿಗೆ ಬಂದು ನೋಡಿದಳು.

“ರೀ, ಹೊಸಾ ಪಂಚೆ ಕಣ್ರೀ ಅದು!”

“ಪರೀಕ್ಷೆ ಮಾಡ್ತಿದೀನಿ.”

“ಮಾಡಿ ಮಾಡಿ. ಫೇಲಾದ ಪಂಚೆ ನೀವೇ ಉಟ್ಕಂಡು ನಮ್ಮಣ್ಣನ ಗೃಹಪ್ರವೇಶಕ್ಕೆ ಬರ್ಬೇಕು, ಅಷ್ಟೇ.”

ಪಂಚೆಯ ಬಲಿದಾನದಿಂದ ಒಂದು ತೀರ್ಮಾನಕ್ಕೆ ಬಂದೆ. ಪುಡಿಯನ್ನು ರೇಷ್ಮೆಗಿಂತ ಮೇಲೆ ಎಲ್ಲೂ ಹಚ್ಚಬಾರದು. ಗುಂಡಿಯೊಳಗಿನ ಸರಳಿಗೆ ಮಾತ್ರ ಹಚ್ಚಬೇಕು. ಪುಡಿ ಉದುರಿದರೂ ಕೆಳಗೆ ಉದುರುತ್ತದೆ. ಭೂಮಿಯ ಆಕರ್ಷಣೆ ನಮ್ಮ ಪರವಾಗಿರುತ್ತದೆ. ಪ್ರಪಂಚದಲ್ಲಿ ನಾನು ಸಂಪೂರ್ಣವಾಗಿ ನಂಬುವ ಶಕ್ತಿ ಅದೊಂದೇ.

ಡಬ್ಬಿಗೆ ಮೂರು ಪ್ಲಾಸ್ಟಿಕ್ ಕವರು ಸುತ್ತಿ, ಅದರ ಮೇಲೆ ರಬ್ಬರ್ ಬ್ಯಾಂಡು ಹಾಕಿ, ಸ್ಟೀಲಿನ ಟಿಫನ್ ಕ್ಯಾರಿಯರ್‌ನಲ್ಲಿ ಇಟ್ಟು, ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಭಾನುವಾರ ಬಸ್ಸು ಹತ್ತಿದೆ. ತಳಕು ದಾಟುವವರೆಗೆ ಮುಚ್ಚಳದ ಚಿಂತೆ. ಅಲ್ಲಿಂದ ಹಾನಗಲ್ಲಿನವರೆಗೆ, ಪಕ್ಕದಲ್ಲಿದ್ದ ಯಜಮಾನರು ಕ್ಯಾರಿಯರಿನಲ್ಲಿ ಊಟವಿದೆಯೆಂದುಕೊಂಡು ನನ್ನನ್ನು ಜಿಪುಣನೆಂದು ಭಾವಿಸುತ್ತಿದ್ದಾರೆಯೇ ಎಂಬ ಚಿಂತೆ. ಅಲ್ಲಿಂದ ಮುಂದೆ ಎರಡೂ.

ಹೊಸ್ತಿಲಿನಲ್ಲಿ ಬಟ್ಟಲು, ಬಟ್ಟಲಿನ ಹಿಂದೆ ಅಕ್ಕ. ಎರಡು ಸುತ್ತು ಕೈ ತೊಳೆದು ತೋರಿಸಿದೆ. ಆಮೇಲೆ ಡಬ್ಬಿ ಬಿಚ್ಚಿದೆ. ಅವಳ ಮುಖದ ಮೇಲೆ ಮೂಡಿದ ಭಾವವನ್ನು ವರ್ಣಿಸಲಾರೆ. ಕಾಳಿಂಗನನ್ನು ಬುಟ್ಟಿಯಲ್ಲಿ ತಂದು ಒಳಗೆ ಬಿಡಲೇ ಎಂದು ಕೇಳಿದವನನ್ನು ಹಾಗೆ ನೋಡಬಹುದೇನೋ.

“ಇದನ್ನ ಮಗ್ಗದ ಮನೆಗಾ?”

“ಗುಂಡಿ ಒಳಗೆ ಮಾತ್ರ, ಅಕ್ಕ. ಮೇಲಕ್ಕೆ ಬರಲ್ಲ.”

“ಎಣ್ಣೆ ಸಾವ್ಕಾರ ಬಂದ್ನಾ?” ಒಳಗಿನಿಂದ ಬಾವನ ದನಿ. “ಬರ್ಲಿ ಬಿಡೇ. ಅವ್ನು ಚಿಂತೆ ಮಾಡಿ ಮಾಡಿ ತಂದಿರ್ತಾನೆ. ಬ್ಯಾಡ ಅಂದ್ರೆ ವಾಪಸ್ ಹೋಗೋ ಬಸ್ನಾಗೂ ಅದನ್ನೇ ಮಾಡ್ತಾನೆ.”

ಬಾವ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ನೇಯ್ದಷ್ಟು ಸೀರೆಯ ಮೇಲೆ ಹಳೆಯ ಬಿಳಿ ಬಟ್ಟೆ ಹೊದಿಸಿ, ನಾನು ಗುಂಡಿಗಿಳಿದೆ. ಇಳಿದ ಮೇಲೆ ಹೊಸ ಚಿಂತೆ ಹುಟ್ಟಿತು. ಗುಂಡಿ ತಣ್ಣಗಿತ್ತು. ಒಣ ಗಾಳಿಗೆ ರೇಷ್ಮೆ ಎಳೆ ತುಂಡಾಗುತ್ತದೆಂದು ಅಕ್ಕ ನೆಲಕ್ಕೆ ದಿನವೂ ನೀರು ಚಿಮುಕಿಸುತ್ತಾಳೆ. ರೇಷ್ಮೆಗೆ ಬೇಕಾದ ತೇವ ನನ್ನ ಪುಡಿಗೆ ಬೇಡ! ಒಂದೇ ಗುಂಡಿಯಲ್ಲಿ ಎರಡು ಜಾತಕಗಳು. ಸರಳನ್ನು ಉಜ್ಜುಕಾಗದದಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ, ಪುಡಿಯನ್ನು ಬಟ್ಟೆಯಲ್ಲಿ ಅದ್ದಿ ಕಬ್ಬಿಣ ಕನ್ನಡಿಯಾಗುವವರೆಗೆ ತೀಡಿದೆ. ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು, ತೆಗೆದೆ. ಆದರೆ ತೇವದ ಚಿಂತೆ ಬಿಡಲಿಲ್ಲ. ಇರಲಿ ಎಂದು ಇನ್ನೊಂದು ಚಿಟಿಕೆ ಉದುರಿಸಿದೆ. ಚಿಂತಿಸುವವರ ಅಡುಗೆಯಲ್ಲಿ ಉಪ್ಪು ಹೆಚ್ಚಾಗುವುದು ಹೀಗೆಯೇ.

ಮೇಲೆ ಬಂದೆ. ಬಾವ, “ಹೋಗಿ ಕೈ ತೊಳ್ಕಾ. ಹಂಗೇ ನಿಮ್ಮಕ್ಕಂಗೆ ಕಾಫಿ ಹೇಳು,” ಎಂದರು. ಅವರು ಗುಂಡಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಹತ್ತಿರವಿದ್ದವರನ್ನೆಲ್ಲ ಯಾವುದಾದರೂ ಕೆಲಸಕ್ಕೆ ಅಟ್ಟುತ್ತಾರೆ ಎಂಬುದು ನನಗಾಗ ತೋಚಲಿಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಬಾವ ಹಲಗೆಯ ಮೇಲಿದ್ದರು, ಹೊದಿಸಿದ್ದ ಬಟ್ಟೆ ತೆಗೆದಾಗಿತ್ತು. ಲಾಳಿ ಓಡಿಸದೆ ಸುಮ್ಮನೆ ತುಳಿದು ನೋಡುತ್ತಿದ್ದರು. ಜಕಾರ್ಡು ಏರಿತು, ಇಳಿಯಿತು. ವರ್ಷಗಳ ಕಿರುಗು ಇಲ್ಲವೇ ಇಲ್ಲ.

“ಹೆಂಗೈತೆ ಬಾವ?”

“ಹಗುರ ಐತೆ ಕಣಲೇ. ಕಾಲು ನಂದೋ ಇನ್ನೊಬ್ಬರದೋ ಅನ್ನಂಗೈತೆ.”

ನಾನು ಉಬ್ಬಿಹೋದೆ, ಉಬ್ಬಿದ ತಕ್ಷಣ ಮೇಲೆ ನೋಡಿದೆ. ಜಕಾರ್ಡಿನಿಂದ ಏನಾದರೂ ರೇಷ್ಮೆಯ ಮೇಲೆ ಉದುರೀತೇ ಎಂದು. ಅಷ್ಟರಲ್ಲಿ ಬಾಗಿಲಿನಿಂದ ಅಕ್ಕನ ಕೂಗು.

“ಆಗಂಡಿ! ಮುಟ್ಟೊದ್ದು!”

ನಿಲ್ಲಿ, ಮುಟ್ಟಬೇಡಿ ಎಂದು. ಹೊರಗೆ ರಾಟೆಯ ಮುಂದೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು, ಮಗ್ಗದ ಕಿರುಗು ಕೇಳಿಸದ್ದರಿಂದಲೇ ಏನಾಯಿತೋ ಎಂದು ಎದ್ದು ಬಂದಿದ್ದಳು. ಬಾವನ ಎರಡೂ ಕೈಗಳು ಸೀರೆಯ ಅಂಚನ್ನು ಸರಿಪಡಿಸಲು ಹೊರಟು ಗಾಳಿಯಲ್ಲೇ ನಿಂತಿದ್ದವು. ಅಂಗೈಗಳು ಕಪ್ಪು. ನಿಂಬೆ ಬಣ್ಣದ ರೇಷ್ಮೆಗೂ ಆ ಕಪ್ಪಿಗೂ ನಡುವೆ ಒಂದು ಗೇಣು ಇರಲಿಲ್ಲ. ಪೊಲೀಸರ ಮುಂದೆ ಕೈಯೆತ್ತಿದವರಂತೆ ಬಾವ ಕೈಗಳನ್ನು ಮೆಲ್ಲಗೆ ಮೇಲಕ್ಕೆ ಒಯ್ದರು.

ಮೇಲಿನಿಂದ ಬೀಳುವುದನ್ನು ಯೋಚಿಸಿದ್ದೆ, ಗಾಳಿಗೆ ಹಾರುವುದನ್ನು ಯೋಚಿಸಿದ್ದೆ, ಇಲಿ ಗುಂಡಿಗಿಳಿದು ಮೇಲೆ ಹತ್ತುವುದನ್ನೂ ಯೋಚಿಸಿದ್ದೆ. ಗುಂಡಿಯೊಳಗಿನ ಪುಡಿ ಬಾವನ ಅಂಗೈಗೆ ಹೇಗೆ ಬಂತು?

ಅಕ್ಕ ರೇಷ್ಮೆಯನ್ನು ನೋಡುತ್ತಿರಲಿಲ್ಲ. ಬಗ್ಗಿ ಗುಂಡಿಯೊಳಗೆ ನೋಡುತ್ತಿದ್ದಳು. ನಾನೂ ಬಗ್ಗಿದೆ. ಬಾವನ ಬಲಪಾದಕ್ಕೆಲ್ಲ ಬೂದುಗಪ್ಪು ಹತ್ತಿತ್ತು, ನನ್ನ ಹೆಚ್ಚುವರಿ ಚಿಟಿಕೆಯ ಪ್ರಭಾವ. ಆ ಬೂದಿನ ಮೇಲೆ, ಕಾಲಿನ ಹರಡಿನ ಎರಡೂ ಬದಿಗೆ, ನಾಲ್ಕು ನಾಲ್ಕು ಬೆರಳು ಮತ್ತು ಒಂದೊಂದು ಹೆಬ್ಬೆರಳಿನ ಗುರುತು ಬೆಳ್ಳಗೆ, ಅಚ್ಚು ಒತ್ತಿದಷ್ಟು ಸ್ಪಷ್ಟವಾಗಿ ಮೂಡಿತ್ತು.

“ಯಾವಾಗಿಂದ?” ಅಕ್ಕನ ದನಿ ತಗ್ಗಿತ್ತು.

“ಏನು ಯಾವಾಗಿಂದ?”

“ಕಾಲನ್ನ ಕೈಲಿ ಎತ್ತಿ ಹಲಗೆ ಮ್ಯಾಲೆ ಇಡ್ತಿರೋದು.”

ಬಾವ ಎತ್ತಿದ ಕೈಗಳನ್ನು ಇಳಿಸುವಂತಿಲ್ಲ, ಮುಖ ಮುಚ್ಚಿಕೊಳ್ಳುವಂತಿಲ್ಲ. “ದೀಪಾವಳಿ ಆದ್ಮ್ಯಾಲಿಂದ,” ಎಂದರು.

“ಅದ್ಕೇ ನನ್ನ ಹೊರಗ್ ಕಳಿಸ್ತಿದ್ರಿ. ನೀರು ತಾ, ಕಂಡಿಕೆ ತಾ, ಬೀದಿಲಿ ಯಾರೋ ಕೂಗಿದ್ರು ನೋಡ್ಕಂಬಾ...”

“ನೀನು ನೋಡಿದ್ರೆ ನಿಲ್ಸಿ ಅಂತಿದ್ದೆ.”

“ಹೂಂ, ಅಂತಿದ್ದೆ.”

ತಾನಾಗಿ ಎತ್ತಲಾಗದ ಕಾಲನ್ನು ಎರಡೂ ಕೈಯಿಂದ ಹಿಡಿದು ಹಲಗೆಯ ಮೇಲಿಟ್ಟು, ಅದು ಜಾರಿದಾಗಲೆಲ್ಲ ಮತ್ತೆ ಎತ್ತಿಟ್ಟು, ಈ ಮನುಷ್ಯ ಅರ್ಧ ಸೀರೆಯನ್ನು ನೇಯ್ದಿದ್ದರು. ಮನೆಯಲ್ಲೇ ಇದ್ದ ಹೆಂಡತಿಗೆ ಗೊತ್ತಾಗದಂತೆ ನೇಯ್ದಿದ್ದರು. ಘರ್ಷಣೆ ಕಳೆಯಲು ತಂದ ಪುಡಿ, ಕಳ್ಳರ ಬೆರಳಚ್ಚು ಹಿಡಿಯುವ ಪುಡಿಯ ಕೆಲಸ ಮಾಡಿಬಿಟ್ಟಿತ್ತು.

ಅಕ್ಕ ಹೊರಗೆ ಹೋದಳು. ಸಿಟ್ಟಿನಿಂದ ಹೋದಳೆಂದೇ ನಾವಿಬ್ಬರೂ ತಿಳಿದೆವು. “ಏನಪ್ಪಾ, ಒಳ್ಳೆ ಪುಡಿ ತಂದೆ,” ಎಂದರು ಬಾವ, ಕೈಗಳನ್ನು ಮೇಲೆತ್ತಿಕೊಂಡೇ. ಅಕ್ಕ ವಾಪಸು ಬಂದದ್ದು ಕಡಲೆಹಿಟ್ಟಿನ ಬಟ್ಟಲು, ತಂಬಿಗೆ ಮತ್ತು ಒಂದು ಬೋಗುಣಿಯ ಜೊತೆ. ಎಳೆಯ ಮಕ್ಕಳಿಗೆ ತೊಳೆಯುವಂತೆ ಗಂಡನ ಒಂದೊಂದೇ ಬೆರಳನ್ನು ಹಿಟ್ಟಿನಲ್ಲಿ ಉ‌ಜ್ಜಿ ತೊಳೆದಳು. ತಿರುಗಿಸಿ ನೋಡಿದಳು. ಎರಡನೇ ಸುತ್ತು ತೊಳೆದಳು. ಆಮೇಲೆ ಬಚ್ಚಲಿಗೆ ಹೋಗಿ ತನ್ನ ಕಾಲು ತೊಳೆದುಕೊಂಡು, ಒರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾವನ ಬಲಪಕ್ಕದಲ್ಲಿ ಹಲಗೆಯ ಮೇಲೆ ಕೂತಳು.

ಆ ಜಾಗ ಅವಳಿಗೆ ಹೊಸದಲ್ಲ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣವಿರುವ ಸೀರೆಗಳನ್ನು ನೇಯುತ್ತಿದ್ದ ಕಾಲದಲ್ಲಿ ಅಂಚಿನ ಲಾಳಿ ಎಸೆಯಲು ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕಿತ್ತು, ಅಕ್ಕ ಕೂರುತ್ತಿದ್ದಳು. ಒಂದೇ ಬಣ್ಣದ ಸೀರೆಗಳು ಬಂದ ಮೇಲೆ ಆ ಜಾಗ ಖಾಲಿ ಬಿದ್ದಿತ್ತು.

“ಇದೇನೇ? ಇದಕ್ಕೆ ಅಂಚಿನ ಲಾಳಿ ಇಲ್ಲ.”

“ಗೊತ್ತು. ಆ ಕಾಲು ಆ ಕಡೆ ತಗೀರಿ,” ಎಂದು ತನ್ನ ಕಾಲನ್ನು ತುಳಿಹಲಗೆಯ ಮೇಲಿಟ್ಟಳು. “ಕೈ ಬದ್ಲಾಗಬಾರ್ದು ಅಂತ ಐತೆ. ಕಾಲು ಬದ್ಲಾಗಬಾರ್ದು ಅಂತ ಯಾರು ಹೇಳೌರೆ?”

ಬಾವ ಅವಳನ್ನು ನೋಡಿದರು. ಆಮೇಲೆ, ತಲೆಮಾರುಗಳ ಕಟ್ಟನ್ನು ತೀರ್ಮಾನಿಸಲು ಬೇರಿಂಗ್ ಅಂಗಡಿಯವನೇ ತಕ್ಕವನೆಂಬಂತೆ ನನ್ನನ್ನು ನೋಡಿದರು. ನಾನು ಬದುಕಿನಲ್ಲಿ ಮೊದಲ ಸಲ ಹಿಂದುಮುಂದು ಯೋಚಿಸದೆ ಮಾತಾಡಿದೆ.

“ಸೀರೆಗೆ ಕಾಲು ಕಾಣಲ್ಲ, ಬಾವ.”

ಶುರುವಿನಲ್ಲಿ ಎಲ್ಲ ಎಡವಟ್ಟು. ಲಾಳಿ ದಡ ಸೇರುವ ಮುಂಚೆಯೇ ಅಕ್ಕ ಕಾಲು ಎತ್ತಿದಳು. “ತಡಿಯೇ, ಲಾಳಿ ಇನ್ನೂ ಒಳಗೈತೆ!” “ಬಾಯ್ಬಿಟ್ಟು ಹೇಳ್ಬೇಕಪ್ಪ ಮತ್ತೆ, ನಂಗೇನು ಕನಸು ಬೀಳ್ತೈತಾ?” “ನಿಂಗೆ ಹೇಳೋ ಅಷ್ಟೊತ್ತಿಗೆ ನಾನೇ ತುಳೀಬೋದಿತ್ತು.” “ತುಳಿದ್ರಲ್ಲ, ಕಂಡ್ವಿ!” ಕಾಫಿ ಆರಿಹೋಯಿತು. ಆಮೇಲೆ ನಿಧಾನವಾಗಿ ಜಗಳ ಕಡಿಮೆಯಾಯಿತು. ತುಳಿತ, ಲಾಳಿ, ಪೆಟ್ಟು, ಮತ್ತೆ ತುಳಿತ. ಕಿರುಗು ಇಲ್ಲದ್ದರಿಂದ ಹಣಿಗೆಯ ಪೆಟ್ಟು ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಅಷ್ಟರಮಟ್ಟಿಗೆ ನನ್ನ ಪುಡಿಯೂ ಕೆಲಸ ಮಾಡಿತ್ತೆಂದು ದಾಖಲಿಸುತ್ತೇನೆ.

ವಾಪಸು ಬರುವ ಬಸ್ಸಿನಲ್ಲಿ, ಉಳಿದ ಪುಡಿಯ ಡಬ್ಬಿಯಿದ್ದ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡಿದ್ದಾಗ ಒಂದು ವಿಚಾರ ಹೊಳೆಯಿತು. ನಾನು ಇಷ್ಟು ವರ್ಷ ಜಾರಿಕೆಯನ್ನು ಮಾರಿದವನು, ಘರ್ಷಣೆಯೆಂದರೆ ಶತ್ರುವೆಂದೇ ನಂಬಿದವನು. ಆದರೆ ಆ ನಿಂಬೆ ಬಣ್ಣದ ಸೀರೆ ಸೀರೆಯಾಗಿ ನಿಂತಿರುವುದು ಯಾವುದರಿಂದ? ಉದ್ದದ ಹಾಸಿಗೂ ಅಡ್ಡದ ಹೊಕ್ಕಿಗೂ ಗಂಟಿಲ್ಲ, ಅಂಟಿಲ್ಲ. ಎಳೆ ಎಳೆಯನ್ನು ಉಜ್ಜಿಕೊಂಡು, ಒಂದು ಇನ್ನೊಂದನ್ನು ಜಾರಲು ಬಿಡದೆ ಹಿಡಿದುಕೊಂಡಿರುವುದರಿಂದ. ಎಳೆಎಳೆಗೂ ನನ್ನ ಪುಡಿ ಸವರಿದರೆ ಮೊಳಕಾಲ್ಮುರಿನ ಅಷ್ಟೂ ಸೀರೆಗಳು ನೂಲಾಗಿ ಸಡಿಲಿ ಬಿದ್ದಾವು. ಸರಳಿನಲ್ಲಿ ಬೇಡವಾದದ್ದು ಸೀರೆಯಲ್ಲಿ ಬೇಕು. ಗಂಡಹೆಂಡಿರ ನಡುವೆ ಘರ್ಷಣೆ ಎಷ್ಟು ಬೇಕೆಂದು ಹೇಳುವ ವಿದ್ಯೆ ನನ್ನದಲ್ಲ. ಆದರೆ ಯಾರಿಗೂ ತಾಗದಂತೆ, ಸದ್ದಾಗದಂತೆ ನೋವನ್ನು ಜಾರಿಸಿಕೊಂಡು ಹೋಗುತ್ತಿದ್ದ ಬಾವ ಒಬ್ಬರೇ ಸವೆಯುತ್ತಿದ್ದರು ಎಂಬುದಂತೂ ನಿಜ.

ಸೀರೆ ಇಳಿಯಿತು. ಬಾವ ಮಾತಿನಂತೆ ಡಾಕ್ಟರ ಬಳಿಗೆ ಹೋದರು. ಡಾಕ್ಟರು ತುಳಿಯಬಾರದೆಂದು ಮತ್ತೆ ಹೇಳಿದರು, ನೇಯಬಾರದೆಂದು ಹೇಳಲಿಲ್ಲ ಎಂದು ಬಾವ ನನಗೆ ಫೋನು ಮಾಡಿ ತಿಳಿಸಿದರು. ಮಡಿಸಿ ಕಳಿಸುವ ಮುಂಚೆ ಆ ಸೀರೆಯನ್ನು ಬೆಳಕಿಗೆ ಹಿಡಿದು, ಕಾಲು ಬದಲಾದ ಜಾಗ ಎಲ್ಲಿದೆಯೆಂದು ಹುಡುಕಿದ್ದರಂತೆ. ಸಿಗಲಿಲ್ಲವಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಮಾಧಾನ ಇತ್ತೋ, ಸಣ್ಣ ನಿರಾಸೆ ಇತ್ತೋ, ಗೊತ್ತಾಗಲಿಲ್ಲ.

ಡಬ್ಬಿಯಲ್ಲಿ ಉಳಿದ ಪುಡಿಗೆ ಅದರ ತಕ್ಕ ಜಾಗ ಸಿಕ್ಕಿತು. ಬಾಷಾನ ಮಿಲ್ಲಿನಲ್ಲಿ, ಶೇಂಗಾ ಬಿಸಿ ಮಾಡುವ ಕೊಪ್ಪರಿಗೆಯ ಪಕ್ಕದ ಚಕ್ರವೊಂದಕ್ಕೆ ಹಾಕಿದ ಗ್ರೀಸೆಲ್ಲ ಕರಗಿ ಸೋರುತ್ತಿತ್ತು. ಅಲ್ಲಿ ಬಿಸಿ, ಒಣ, ಭಾರ ಮೂರೂ ಇವೆ, ರೇಷ್ಮೆ ಇಲ್ಲ. ಈಗ ಚಕ್ರ ಸುಮ್ಮನೆ ತಿರುಗುತ್ತದೆ. “ನಿನ್ ಸುರ್ಮಾ ಕೆಲ್ಸಕ್ಕೆ ಬಂತು ಭಾಯ್,” ಎಂದ ಬಾಷಾ.

ಅದಾದ ಮೇಲೆ ಒಂದು ಭಾನುವಾರ ಮೊಳಕಾಲ್ಮುರಿಗೆ ಹೋದೆ. ಹೊಸ್ತಿಲಿನ ಹತ್ತಿರ ಬಟ್ಟಲಿತ್ತು, ಹಿಟ್ಟು ಇರಲಿಲ್ಲ. ಬಟ್ಟಲಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವಳೂ ಇರಲಿಲ್ಲ. ಒಳಗಿನಿಂದ ತುಳಿತದ ಸದ್ದು, ಪೆಟ್ಟಿನ ಸದ್ದು, ನಡುನಡುವೆ ಇಬ್ಬರ ಜಗಳದ ಸದ್ದು ಬರುತ್ತಿತ್ತು. ಯಾರೂ ನೋಡುತ್ತಿಲ್ಲವಲ್ಲ, ಕೈ ತೊಳೆಯದೆ ಒಳಗೆ ಹೋದರೆ ಏನಾದೀತು ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ ಏನೇನಾದೀತು ಎಂಬುದೂ ಕ್ರಮವಾಗಿ ಕಣ್ಣಮುಂದೆ ಬಂತು. ಖಾಲಿ ಬಟ್ಟಲನ್ನು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತು, “ಅಕ್ಕಾ, ಹಿಟ್ಟು!” ಎಂದು ಕೂಗಿದೆ.

“ಅಡುಗೆಮನೆ ಡಬ್ಬದಾಗೈತೆ, ನೀನೇ ತಗಂಡು ಕಲಸ್ಕಳಪ್ಪ,” ಒಳಗಿನಿಂದ ಅಕ್ಕ ಕೂಗಿದಳು. “ನಂಗೀಗ ಕಾಲು ಬಿಡುವಿಲ್ಲ.”